ಟಿಕೀಟು ತೆಗೆಸಿದ ಅರವಟಿಗೆ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ಆ ಸಣ್ಣ ಸ್ಟೇಷನ್ನಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ಸ್ಟೇಷನ್ ಮಾಸ್ತರರಿಗೆ ಮೇಲಿನಿಂದ ಕಾಗದ ಬರುತ್ತದೆ. ಪಾಪ, ಅವರು ಒಳ್ಳೆಯವರು. ಆದರೆ ಬಾಳವ್ವನ ಹೆಸರು ಮಾತ್ರ ಬರೆಯಲೇಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ಬಾಳವ್ವ ಅಮ್ಮಿನಬಾವಿಯ ಮಗಳು. ಮದುವೆಯಾಗಿ ಬಂದದ್ದು ಈ ಸ್ಟೇಷನ್ನಿನ ಹಿಂದಿನ ಓಣಿಗೆ. ಗಂಡ ಗುರುಬಸವ ಹುಬ್ಬಳ್ಳಿಯ ಒಂದು ಕಾಳಿನ ಅಂಗಡಿಯಲ್ಲಿ ದುಡಿಯುತ್ತಿದ್ದ. ಒಂದು ಬೇಸಿಗೆಯಲ್ಲಿ ಎಂಜಿನ್ನು ಕೆಟ್ಟು ಪ್ಯಾಸೆಂಜರ್ ಗಾಡಿ ಮಟಮಟ ಮಧ್ಯಾಹ್ನ ಇಲ್ಲಿ ನಿಂತುಬಿಟ್ಟಿತಂತೆ. ಬೋಗಿಗಳಲ್ಲಿ ಕೂಸುಗಳು ನೀರಿಗಾಗಿ ಅಳುವುದು ಕೇಳಿ ಅವಳ ಅತ್ತೆ ಫಕೀರವ್ವ ಮನೆಯಲ್ಲಿದ್ದ ನೀರನ್ನೆಲ್ಲ ಹೊತ್ತು ತಂದು ಕುಡಿಸಿದಳು. ಮರುವರ್ಷದಿಂದ ಅದು ಆ ಮನೆಯ ನೇಮವಾಯಿತು. ಶಿವರಾತ್ರಿ ಮುಗಿದ ಮರುದಿನ ಪ್ಲಾಟ್‌ಫಾರ್ಮಿನ ಬೇವಿನ ಗಿಡದ ಕೆಳಗೆ ಉಸುಕು ಹಾಸಿ ದೊಡ್ಡ ಮಣ್ಣಿನ ಹರವಿ ಇಡುವುದು, ಮಳೆ ಬೀಳುವವರೆಗೆ ಬಂದವರಿಗೆಲ್ಲ ತಣ್ಣಗಿನ ನೀರು ಕೊಡುವುದು. ಅತ್ತೆ ಹೋದಳು, ಗಂಡ ಹೋದ, ಹರವಿಗಳು ಒಡೆದು ಹೊಸವು ಬಂದವು. ಅರವಟಿಗೆ ಒಂದು ಬೇಸಿಗೆಯೂ ತಪ್ಪಲಿಲ್ಲ.

ಅದಕ್ಕೊಂದು ರೀತಿ ಇತ್ತು. ಹರವಿಯೊಳಗೆ ನೀರಿಗೆ ತಂಪು, ಪರಿಮಳ ಕೊಡುವ ಬಾಳದ ಬೇರು ಹಾಕಿರಬೇಕು. ಮೊದಲು ಅಂಗೈಗೆ ಬೆಲ್ಲದ ಚೂರು, ಆಮೇಲೆ ಬೊಗಸೆಗೆ ತಂಬಿಗೆಯಿಂದ ನೀರು. ಕುಡಿಯುವವರು ಯಾರು, ಯಾವ ಮಂದಿ ಎಂದು ಕೇಳಬಾರದು. ಮುಂಜಾನೆಯ ಮೊದಲ ಗಾಡಿಯವರು ಕುಡಿಯುವ ತನಕ ಬಾಳವ್ವ ತಾನು ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಹುಬ್ಬಳ್ಳಿಯ ಸಾಲೆಯಲ್ಲಿ ಕಲಿಸುವ ನಾನು ದಿನಾ ಅದೇ ಸ್ಟೇಷನ್ನಿನಲ್ಲಿ ಗಾಡಿ ಹತ್ತುವವಳು. "ಬರ್ರಿ ಅಕ್ಕೋರ, ಇವತ್ತೂ ಗಾಡಿ ತಡಾ ಐತಿ. ನೀರರ ಕುಡೀರಿ" ಎಂದು ಕರೆಯುತ್ತಿದ್ದಳು. ನೀರು ಕುಡಿಸುತ್ತ ರೈಲ್ವೆಯನ್ನು ನಾಲ್ಕು ಮಾತು ಬೈಯುತ್ತಿದ್ದಳು. ನಾನೂ ದನಿಗೂಡಿಸುತ್ತಿದ್ದೆ.

ಈ ವರ್ಷ ಒಬ್ಬ ಸಾಹೇಬ ಬಂದ. ಸಣ್ಣ ಸ್ಟೇಷನ್ನುಗಳ ಆದಾಯ ಹೆಚ್ಚಿಸುವುದೇ ಅವನ ಕೆಲಸವಂತೆ. ಬೂಟು ಟಕಟಕ ಅನ್ನಿಸುತ್ತ ಅತ್ತಿಂದಿತ್ತ ಅಡ್ಡಾಡಿ, "ಇಲ್ಲಿಯ ಒಂದೊಂದು ಅಡಿ ಜಾಗವೂ ದುಡಿಯಬೇಕು" ಎಂದ. ವಾರದೊಳಗೆ ಬೇವಿನ ಗಿಡದ ಎದುರಿಗೆ ಬಾಟಲಿ ನೀರಿನ ಗೂಡಂಗಡಿ ಬಂತು. ಗುತ್ತಿಗೆದಾರನ ಪರವಾಗಿ ಅದರಲ್ಲಿ ಕೂತವನು ನಮ್ಮ ಓಣಿಯ ರಾಜರತ್ನ. ಎದುರಿಗೆ ಪುಕ್ಕಟೆ ನೀರಿರುವಾಗ ಬಾಟಲಿ ಯಾರು ಕೊಳ್ಳುತ್ತಾರೆ? ಗುತ್ತಿಗೆದಾರ ದೂರು ಕೊಟ್ಟ. ಸಾಹೇಬ ಮತ್ತೆ ಬಂದು ಬಾಳವ್ವನ ಮುಂದೆ ನಿಂತ.

"ಅಜ್ಜಿ, ಇದನ್ನು ತೆಗೀಬೇಕು. ಇಲ್ಲಾ ಅಂದ್ರೆ ಪರವಾನಿಗೆ ತಗೊಂಡು ಒಂದು ದರ ಹಚ್ಚಿ ಮಾರ್ರಿ. ನಿಮಗೂ ಗಳಿಕೆ ಆಗ್ತದೆ."

"ಇದು ದಾಸೋಹ ಐತ್ರಿ ಸಾಹೇಬ್ರ," ಎಂದಳು ಬಾಳವ್ವ. "ದಾಸೋಹಕ್ಕ ಯಾರರ ದರಾ ಹಚ್ತಾರೇನ್ರಿ?"

"ರೈಲ್ವೆ ಲಾಭದಲ್ಲಿ ನಡೀಬೇಕಲ್ಲ" ಎಂದು ಅವನು ನಕ್ಕ. ಆ ನಗೆ ನೆನಪಾದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಲಾಭ ಬೇಡ ಎಂದವರು ಯಾರು? ಬೇಕು, ಅದು ನಮ್ಮದೇ ರೈಲ್ವೆ, ಮುಳುಗಿದರೆ ನಾವೇ ಮುಳುಗುತ್ತೇವೆ. ಆದರೆ ಹತ್ತರ ಗಾಡಿ ಹತ್ತಕ್ಕೆ ಬಂದರೆ ರಸ್ತೆಯ ಬಸ್ಸಿಗೆ ಜೋತು ಬೀಳುವ ಮಂದಿಯೆಲ್ಲ ಟಿಕೀಟು ತೆಗೆಸಿ ಇಲ್ಲಿಗೆ ಬರುತ್ತಾರೆ. ಗಾಡಿ ಬರುವ ಹೊತ್ತಿಗೆ ಸರಿಯಾಗಿ ಟಿಕೀಟಿನ ಕಿಟಕಿ ಮುಚ್ಚದಿದ್ದರೆ ದುಡ್ಡು ಹಿಡಿದು ನಿಂತವರು ಟಿಕೀಟಿಲ್ಲದೆ ಹಾಗೇ ಗಾಡಿ ಹತ್ತುವ ಪಾಡು ತಪ್ಪುತ್ತದೆ. ಮಾಲಿನ ಗೋದಾಮಿನಲ್ಲಿ ನಾಯಿಗಳು ಮಲಗಿವೆ, ಸುತ್ತಲಿನ ಹತ್ತಿ, ಮೆಣಸಿನಕಾಯಿ ಎಲ್ಲ ಲಾರಿಯಲ್ಲಿ ಗಬ್ಬೂರ ಬೈಪಾಸು ಹಿಡಿದು ಹೋಗುತ್ತದೆ. ಇದ್ಯಾವುದೂ ಸಾಹೇಬನ ಕಣ್ಣಿಗೆ ಬೀಳಲಿಲ್ಲ. ಸ್ಟೇಷನ್ನಿನ ನಲ್ಲಿ ಎಷ್ಟೋ ವರ್ಷಗಳಿಂದ ಬರೀ ಸುಂಯ್ ಎನ್ನುತ್ತಿರುವುದೂ ಬೀಳಲಿಲ್ಲ. ಬಿದ್ದದ್ದು ಒಬ್ಬ ಮುದುಕಿಯ ಮಣ್ಣಿನ ಹರವಿ!

ನಮ್ಮ ಜೊತೆ ಗಾಡಿ ಹತ್ತುವ ಹತ್ತಿ ವ್ಯಾಪಾರಿ ಬಸವಪ್ರಭುವಿಗೂ ಕೆಟ್ಟೆನಿಸಿತು. ಅವನು ವ್ಯಾಪಾರಸ್ಥರ ರೀತಿಯಲ್ಲೇ ಯೋಚಿಸಿದ. ಬಾಳವ್ವನನ್ನು ಒಂದು ಮಾತೂ ಕೇಳದೆ, ಅವಳ ಹೆಸರಿನಲ್ಲಿ ಪರವಾನಿಗೆಯ ಹಣ ತಾನೇ ತುಂಬಿಬಿಟ್ಟ. ಇನ್ನು ಹರವಿಗೆ ಯಾರೂ ಕೈ ಹಚ್ಚುವಂತಿಲ್ಲ ಎಂದು ಖುಷಿಯಾಗಿ ಹೇಳಿಕೊಂಡು ತಿರುಗಿದ. ಮರುದಿನ ರೈಲ್ವೆಯ ಆಳು ಬಂದು ಬೇವಿನ ಗಿಡಕ್ಕೆ ಒಂದು ಹಲಗೆ ಬಡಿದ. ಅದರಲ್ಲಿ ಬಾಳವ್ವನ ಹೆಸರು, ಕೆಳಗೆ ಒಂದು ಲೋಟ ನೀರಿನ ದರ.

ಬಾಳವ್ವನಿಗೆ ಓದು ಬರುವುದಿಲ್ಲ. "ಏನ್ ಬರದಾರ್ರಿ ಅಕ್ಕೋರ?" ಎಂದು ಕೇಳಿದಳು. ಓದಿ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. ಬಸವಪ್ರಭುವಿನ ಕಡೆ ತಿರುಗಿದಳು.

"ಏನ್ ಮಾಡಿದ್ಯೋ ಎಪ್ಪಾ? ನಮ್ಮ ಅತ್ತಿ ಇಟ್ಟ ಹರವಿ ಅದು. ಅದರಾಗಿನ ನೀರು ನನ್ನ ಕೈಲೆ ಮಾರಸ್ತೀಯೇನು?"

"ನಿನ್ನ ಹೆಸರಿಗೆ ಇರಲಿ ಅಂತ ಮಾಡಿದ್ನಿ ಯವ್ವಾ. ನೀ ರೊಕ್ಕಾ ತಗೋಬ್ಯಾಡ."

"ಹಲಗಿ ಮ್ಯಾಲೆ ದರಾ ನೋಡಿದಾವ, ಖಾಲಿ ಕಿಸೆ ಇದ್ದಾವ, ನನ್ನ ಹಂತ್ಯಾಕ ಬರ್ತಾನೇನು? ದೂರ ನಿಂತು ಒಣಾ ತುಟಿ ನೆಕ್ಕೋತ ಹೊಕ್ಕಾನ."

ಅಂದೇ ಬಾಳವ್ವ ಹರವಿಯ ನೀರನ್ನು ಬೇವಿನ ಬುಡಕ್ಕೆ ಸುರಿದು, ಹರವಿಯನ್ನು ಮನೆಗೆ ಒಯ್ದಳು. ಗಿಡದ ಕೆಳಗೆ ಹಸಿ ಉಸುಕು ಮಾತ್ರ ಉಳಿಯಿತು. ಎರಡು ದಿನಕ್ಕೆ ಅದೂ ಒಣಗಿತು. ಬಿಸಿಲಿನಲ್ಲಿ ಗಾಡಿ ಕಾಯುತ್ತ ನಿಂತ ಕೂಲಿ ಹೆಂಗಸರು ಬಾಟಲಿಯ ಕಡೆ ನೋಡುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಅವರನ್ನು ನೋಡಲಾಗದೆ ನಾನು ಬೇರೆ ಕಡೆ ಮುಖ ಮಾಡುತ್ತಿದ್ದೆ. ಫಕೀರವ್ವನ ನೇಮ ಮುರಿಯಿತು ಎಂದೇ ಎಲ್ಲರೂ ತಿಳಿದೆವು.

ಸೋಮವಾರ ಟಿಕೀಟಿನ ಕಿಟಕಿಯ ಮುಂದೆ ಪಾಳಿಯಲ್ಲಿ ಬಾಳವ್ವ ನಿಂತಿದ್ದಳು. ಕಾಲ ಬಳಿ ಎರಡು ಹಿತ್ತಾಳೆಯ ಕೊಡ, ಸೆರಗಿನ ಗಂಟಿನಲ್ಲಿ ಬೆಲ್ಲ. "ಹುಬ್ಬಳ್ಳಿಗಿ ಒಂದು ಕೊಡ್ರಿ" ಎಂದು ಟಿಕೀಟು ತೆಗೆಸಿದಳು. ಗಾಡಿ ಬಂತು. ಆ ಗಾಡಿಯ ಮೆಟ್ಟಿಲು ಎಷ್ಟು ಎತ್ತರ ಎಂದರೆ ನಾನೇ ಏದುಸಿರು ಬಿಡುತ್ತ ಹತ್ತುವವಳು. ನೋಯುವ ಮೊಣಕಾಲು ಹಿಡಿದುಕೊಂಡು ಅವಳು ಮೇಲೇರಿದಳು. ಗೂಡಂಗಡಿ ಬಿಟ್ಟು ಓಡಿ ಬಂದು ಕೊಡಗಳನ್ನು ಎತ್ತಿ ಕೊಟ್ಟವನು ರಾಜರತ್ನನೇ.

ಅಂದಿನಿಂದ ಅವಳ ಅರವಟಿಗೆ ಗಾಡಿಯೊಳಗೆ ನಡೆಯಿತು. ಟಿಕೀಟು ನೋಡುವವನು ಒಮ್ಮೆ ತಡೆದ. "ನಾ ಕುಡ್ಯಾಕ ತಂದ ನೀರ್ರಿ ಇದು. ಮಗ್ಗಲ ಕುಂತಾವ ಕೇಳಿದರ ಒಲ್ಲೆ ಅನ್ನಬೇಕೇನ್ರಿ?" ಎಂದಳು. ಅವನು ಅವಳ ಟಿಕೀಟು ನೋಡಿ, ತಾನೂ ಬೊಗಸೆ ಒಡ್ಡಿ ಮುಂದೆ ಹೋದ.

ಎಪ್ರಿಲ್‌ನಲ್ಲಿ ಸಾಹೇಬ ಮತ್ತೆ ಬಂದ. ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಮ್ಮ ಗಾಡಿ ಎಂದಿನಂತೆ ಸ್ಟೇಷನ್ನಿನಲ್ಲೇ ನಿಂತುಕೊಂಡಿತ್ತು. ಬೋಗಿ ಕಾದ ಹೆಂಚಾಗಿತ್ತು. ಕಿಟಕಿಯಲ್ಲಿ ಕೂತ ಬಾಳವ್ವ ಹೊರಗೆ ನಿಂತವರಿಗೂ ತಂಬಿಗೆ ಚಾಚಿ ನೀರು ಹೊಯ್ಯುತ್ತಿದ್ದಳು. ಸಾಹೇಬ ನೇರವಾಗಿ ಬಂದ.

"ಅಜ್ಜಿ, ಪ್ಲಾಟ್‌ಫಾರ್ಮಿನ ಮೇಲೆ ಪುಕ್ಕಟೆ ನೀರು ನಡೆಯೋದಿಲ್ಲ ಅಂತ ಹೇಳಿದ್ದೆ."

"ಪ್ಲಾಟ್‌ಫಾರ್ಮ್ ಮ್ಯಾಲೆ ಎಲ್ಲಿ ಅದೀನ್ರಿ ನಾ? ದಿನಾ ಟಿಕೀಟ್ ತಗಸಿ ಗಾಡ್ಯಾಗ ಕುಂತಿರ್ತೇನಿ. ನಾ ಈಗ ನಿಮ್ಮ ಗಿರಾಕಿ ಅದೀನ್ರಿ."

ಬೋಗಿಯಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ನನಗೆ ನಗು ಬರಲಿಲ್ಲ. ಆ ಮನುಷ್ಯನ ಕೊರಳಪಟ್ಟಿ ಹಿಡಿದು ಅವಳ ಬಾತ ಮೊಣಕಾಲು ತೋರಿಸಬೇಕು ಎನ್ನಿಸುತ್ತಿತ್ತು. ನೀರು ಕುಡಿಸುವುದಕ್ಕೆ ಟಿಕೀಟು ತೆಗೆಸುವ ಮುದುಕಿಯಿಂದ ನಿನ್ನ ಆದಾಯ ಹೆಚ್ಚಿತಲ್ಲ, ಸಾಕಾಯಿತೇ ಎಂದು ಕೇಳಬೇಕು ಎನ್ನಿಸುತ್ತಿತ್ತು.

ಅಷ್ಟರಲ್ಲಿ ಗಾಡಿ ಜಗ್ಗಿತು. ಬೆವರಿನಿಂದ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದನ್ನು ಬಾಳವ್ವ ನೋಡಿದಳು.

"ನೀರಡಿಕಿ ಆಗೇತೇನ್ರಿ ಸಾಹೇಬ್ರ? ಹಿಡೀರಿ ಲಗೂ" ಎಂದು ಕಿಟಕಿಯಿಂದ ಕೈ ಚಾಚಿ, ಮೊದಲು ಕೊಡಬೇಕಾದ ಬೆಲ್ಲದ ಚೂರನ್ನು ಅವನ ಅಂಗೈಗಿಟ್ಟಳು. ನೀರು ಹೊಯ್ಯುವುದರೊಳಗೆ ಗಾಡಿ ಸರಿದುಬಿಟ್ಟಿತು. ನಾನು ಬಗ್ಗಿ ನೋಡಿದೆ. ಆ ಬೆಲ್ಲಕ್ಕೆ ಎಷ್ಟು ಕೊಡಬೇಕೆಂದು ತಿಳಿಯದವನ ಹಾಗೆ ಅವನು ಅಂಗೈ ಬಿಚ್ಚಿಕೊಂಡು ನಿಂತಿದ್ದ.