ನಡುವೆ ಉಳಿದ ತುಂಡು

ಆಕ್ರನ್ ಊರಿನ ಟೈರು ಕಾರ್ಖಾನೆಯಲ್ಲಿ ಡೆಲ್ಮರ್ ಹಾಸ್ಕಿನ್ಸ್‌ನ ಸಿಟ್ಟು ಗೊತ್ತಿಲ್ಲದವರಿರಲಿಲ್ಲ. ಮೇಸ್ತ್ರಿಗಳೂ ಅವನ ಮೂಗಿನ ತುದಿ ನೋಡಿಕೊಂಡೇ ಮಾತಾಡಿಸುತ್ತಿದ್ದರು.

ಪ್ರಾಯದಲ್ಲಿ ಅವನು ಅರ್ಲೀನಳ ಜೊತೆ ಸಿನಿಮಾಕ್ಕೆ ಹೋಗುತ್ತಿದ್ದ. ಆಗೆಲ್ಲ ಒಂದೇ ಟಿಕೆಟ್ಟಿಗೆ ಚಿತ್ರ ಬಿಡುವಿಲ್ಲದೆ ಮತ್ತೆ ಮತ್ತೆ ಓಡುತ್ತಿತ್ತು, ಆಟದ ಹೊತ್ತು ನೋಡಿ ಹೋಗುವವರು ಯಾರು? ಪಾಳಿ ಮುಗಿಸಿ, ಕೈಗಂಟಿದ ರಬ್ಬರಿನ ವಾಸನೆಯೊಂದಿಗೇ ಕತ್ತಲಲ್ಲಿ ತಡಕಾಡಿ ಕೂರುವುದು. ಕೊನೆ ನೋಡುವುದು, ಮತ್ತೆ ಶುರುವಾದ ಮೊದಲು ನೋಡುವುದು, ತಾವು ಬಂದ ಜಾಗ ಬಂತೆಂದರೆ ಎದ್ದು ಹೊರಡುವುದು. ಆ ಜಾಗ ಬಂದಾಗ ಅರ್ಲೀನ್ ಮೊಣಕೈಯಿಂದ ತಿವಿಯುತ್ತಿದ್ದಳು.

ಒಂದು ಕಪ್ಪುಬಿಳುಪು ಕೊಲೆಯ ಚಿತ್ರದಲ್ಲಿ ಆ ತಿವಿತದ ಲೆಕ್ಕ ತಪ್ಪಿತು. ಹ್ಯಾಟಿನಿಂದ ಮುಖಕ್ಕೆ ಬಲೆ ಇಳಿಬಿಟ್ಟ ಹೆಂಗಸೊಬ್ಬಳು ಮೆಟ್ಟಿಲಿಳಿಯುವಾಗ ಇವರು ಒಳಗೆ ಬಂದಿದ್ದರು. ಮತ್ತೆ ಅವಳು ಮೆಟ್ಟಿಲಿಳಿದಾಗ ಅರ್ಲೀನ್ ತಿವಿದಳು, ಇಬ್ಬರೂ ಎದ್ದರು. ಬಸ್ಸಿಗೆ ಕಾಯುವಾಗ ಡೆಲ್ಮರನಿಗೆ ಹೊಳೆಯಿತು. ತಾವು ಬಂದಾಗ ಅವಳ ಕೈಯಲ್ಲಿ ಗವುಸು ಇರಲಿಲ್ಲ, ಈಗ ಇತ್ತು. ಅಂದರೆ ಅವಳು ಎರಡು ಸಲ ಇಳಿಯುತ್ತಾಳೆ. ನಡುವಿನ ತುಂಡು ಹೋಯಿತು, ಅವಳ ಗಂಡನ ಕೊಲೆಯೂ ಅದರಲ್ಲೇ ಹೋಯಿತು.

ಡೆಲ್ಮರ್ ನಿಂತಲ್ಲೇ ಹಾರಾಡಿದ. ಕೊನೆಯಲ್ಲಿ ಅವಳ ಪ್ರಿಯಕರ ತುಟಿಪಿಟಿಕ್ಕೆನ್ನದೆ ಜೈಲಿಗೆ ಹೋದದ್ದನ್ನು ಇಬ್ಬರೂ ನೋಡಿದ್ದರು. ಗುಂಡು ಹೊಡೆದವಳು ಅವಳೇ, ಪ್ರಿಯಕರನ ತಲೆಗೆ ಕಟ್ಟಿದಳು ಎಂದು ಡೆಲ್ಮರ್. ಅವಳದು ತಪ್ಪೇ ಇಲ್ಲ ಎಂದು ಅರ್ಲೀನ್. ಬಸ್ಸು ಬಂದು ಹೋದರೂ ಜಗಳ ಮುಗಿಯಲಿಲ್ಲ.

“ಇದು ಇವತ್ತಿಗೆ ಮುಗಿಯೋ ಜಗಳ ಅಲ್ಲ ಮಾರಾಯ. ಮದುವೆ ಆಗ್ಬಿಡೋಣ” ಎಂದಳು ಅರ್ಲೀನ್.

ಮದುವೆಯಾಯಿತು, ಜಗಳ ಮುಗಿಯಲಿಲ್ಲ. ಮಕ್ಕಳು ಬೆಳೆದರು, ಕಾರ್ಖಾನೆ ಬಾಗಿಲು ಹಾಕಿತು. ಊಟದ ಮೇಜಿನ ಮೇಲೆ ಆಲೂಗಡ್ಡೆಯ ಜೊತೆ ಆ ಹೆಂಗಸೂ ಬರುತ್ತಲೇ ಇದ್ದಳು.

ಆಮೇಲೊಮ್ಮೆ ಊರಿನ ಹಳೇ ಥಿಯೇಟರು ಮುಚ್ಚುವ ಮುನ್ನ ಅದೇ ಚಿತ್ರ ಹಾಕಿದರು. ಮಂಡಿನೋವಿನ ಅರ್ಲೀನ್, ನೋಡಿ ಬಂದು ನಿಜ ಹೇಳಬೇಕು ಎಂದು ಗಂಡನನ್ನು ಕಳಿಸಿದಳು.

ಗವುಸಿನ ಹೆಂಗಸು ಮೆಟ್ಟಿಲಿಳಿದಾಗ ಡೆಲ್ಮರನ ಪಕ್ಕೆ ತಾನಾಗಿ ತಿವಿತಕ್ಕೆ ಕಾದುಕೊಂಡಿತು. ಅವನು ಏಳಲಿಲ್ಲ. ಗುಂಡು ಹೊಡೆದವನು ಪ್ರಿಯಕರನೇ. ಹೆಂಗಸು, ಪಾಪ, ಆಗ ಊರಲ್ಲೇ ಇರಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಸೋತದ್ದಕ್ಕಿಂತ, ಜಗಳ ಮುಗಿದುಹೋಯಿತಲ್ಲ ಎಂಬುದೇ ಚುಚ್ಚುತ್ತಿತ್ತು.

“ಸರಿಯಾಗಿ ಅಲ್ಲೇ ರೀಲು ಹರಿದಿತ್ತು ಕಣೇ” ಎಂದ, ಹ್ಯಾಟನ್ನು ಮೆಲ್ಲಗೆ ಗೂಟಕ್ಕೆ ತಗುಲಿಸುತ್ತ.

ಅರ್ಲೀನ್ ಕಾಫಿ ಬಗ್ಗಿಸುತ್ತ ಅವನ ಮುಖ ನೋಡಿದಳು. “ರೀಲು ಹರಿದಿದ್ರೆ, ಥಿಯೇಟರಿನವರ ಜನ್ಮ ಜಾಲಾಡ್ದೆ ನೀನು ಹ್ಯಾಗೆ ಮನೆಗೆ ಬಂದೆ?”

ಡೆಲ್ಮರ್ ಲೋಟಕ್ಕೆ ಬಾಯಿಟ್ಟ.

“ಹೋಗ್ಲಿ, ಹರಿದೇ ಇರ್ಲಿ” ಎಂದಳು. “ಆದ್ರೂ ಅವಳು ಹೊಡೀಲಿಲ್ಲ.”

“ಹೊಡೆದಳು” ಎಂದ ಡೆಲ್ಮರ್, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು.