ಗವಿಯೊಳಗೆ ನಿಂತ ದೋಣಿ

ವಿಯೆಟ್ನಾಮಿಗೆ ಬರುತ್ತೀಯಾ ಎಂದು ನಾನು ಕೇಳಿದಾಗ ಅತ್ತಿಗೆ ನಮ್ಮೂರು ಹರಿಯಬ್ಬೆಯ ಮನೆಯ ಜಗಲಿ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು.

“ಅಲ್ಲೇನೈತೆ?” ಅಂದಳು ತಲೆ ಎತ್ತದೆ.

“ಗುಡಿ ಅವೆ, ಗವಿ ಅವೆ, ಗದ್ದೆ ಬಯಲು ಐತೆ.”

“ಅವೆಲ್ಲ ಇಲ್ಲೇ ಅವೆ ಕಣೇ. ದುರ್ಗದಾಗೆ ಗವಿ ಇಲ್ವಾ, ಊರಾಗೆ ಗುಡಿ ಇಲ್ವಾ? ಅವನ್ನ ನೋಡಾಕೆ ಇಮಾನ ಹತ್ತಬೇಕಾ?”

“ಅಲ್ಲಿ ದೋಣಿಯಾಗೆ ಕುಂತು ಗವಿ ಒಳಗೆ ಹೋಗ್ತಾರಂತೆ ಅತ್ಗೆ. ಗವಿ ತುಂಬ ನೀರಂತೆ.”

ಅತ್ತಿಗೆಯ ಕೈ ನಿಂತಿತು. “ಗವಿಯಾಗೆ ನೀರಾ?” ಎಂದು ನನ್ನ ಮುಖ ನೋಡಿದಳು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದು, “ಹಂಗಾರೆ ಬತ್ತೀನಿ. ಯಾವಾಗ ಹೋಗಾಣ?” ಅಂದಳು.

ಅತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ನಮ್ಮದು ಕುರಿ ಸಾಕುವ ಮನೆ. ಅವ್ವ ತೀರಿಕೊಂಡಾಗ ನಾನಿನ್ನೂ ಸ್ಲೇಟಿನ ಮೇಲೆ ಅಕ್ಷರ ತಿದ್ದುವ ವಯಸ್ಸಿನವಳು. ಅಪ್ಪನಿಗೆ ಅಡವಿಯೇ ಮನೆ. ಅದೇ ವರ್ಷ ಮದುವೆಯಾಗಿ ಬಂದ ಅತ್ತಿಗೆಗೆ ಗಂಡನ ಜೊತೆಗೆ ನನ್ನನ್ನೂ ಕೊಟ್ಟಂತಾಯಿತು. ನನಗೆ ಜಡೆ ಹಾಕಿದವಳು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡವಳು, ಮೊದಲ ಸಲ ಮೈನೆರೆದಾಗ ಅಳಬೇಡ ಅಂದವಳು ಎಲ್ಲ ಅವಳೇ. ಮನೆಯಲ್ಲಿ ಹೆಣ್ಣುಮಗಳು ಇನ್ನು ಕುರಿ ಹಿಂದೆ ಹೋಗಲಿ ಎಂಬ ಮಾತು ಬಂದಾಗ ಅವಳು ಅಪ್ಪನ ಎದುರು ನಿಂತು, “ಕುರಿ ಹಿಂದೆ ನಾನು ಹೋಗ್ತೀನಿ ಮಾವ, ಇವಳು ಸಾಲೆಗೆ ಹೋಗ್ಲಿ” ಅಂದಿದ್ದಳಂತೆ. ಬೇಸಿಗೆಯಲ್ಲಿ ಮಾರಿಕಣಿವೆಯ ಹಿನ್ನೀರಿನ ಕಡೆ ಮಂದೆ ಹೊಡೆದುಕೊಂಡು ಹೋಗುವಾಗಲೂ ಅವಳೇ ಹೋದಳು. ನಾನು ಓದಿದೆ, ಹಿರಿಯೂರಿನಲ್ಲಿ ಟೀಚರಾದೆ, ಅಲ್ಲೇ ಮನೆ ಮಾಡಿದೆ, ಈಚೆಗೆ ನಿವೃತ್ತಳೂ ಆದೆ. ಜೊತೆಯ ಕೆಲವು ಟೀಚರುಗಳು ಸೇರಿ ವಿಯೆಟ್ನಾಂ ಟೂರಿಗೆ ಹೊರಟಾಗ ಎಲ್ಲರೂ ಗಂಡನನ್ನೋ ಮಗಳನ್ನೋ ಕರೆದುಕೊಂಡರು. ನನಗೆ ಅತ್ತಿಗೆಯನ್ನು ಬಿಟ್ಟು ಬೇರೆ ಯಾರೂ ತೋಚಲಿಲ್ಲ.

ಅಣ್ಣ ನಕ್ಕು, “ಹೋಗ್ಬಾ ಮಾರಾಯ್ತಿ. ಈ ಸಲ ಕುರಿ ನಾನು ನೋಡ್ಕಂತೀನಿ” ಎಂದು ಕಳಿಸಿಕೊಟ್ಟ.

ಹನೋಯ್ ಮುಟ್ಟಿದ ಮಾರನೆಯ ದಿನವೇ ಊರಾಚೆಯ ಗುಡಿ, ಗವಿ, ಹಳ್ಳಿಗಳನ್ನು ಒಂದೇ ದಿನದಲ್ಲಿ ತೋರಿಸಿಕೊಂಡು ಬರುವ ಪ್ರವಾಸ. ಬೆಳಿಗ್ಗೆ ಹೋಟೆಲ್ ಮುಂದೆ ಸಣ್ಣ ಬಸ್ಸು ಬಂದು ನಿಂತಿತು. ಅದರಿಂದ ಇಳಿದ ಗೈಡ್ ಹುಡುಗಿಗೆ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಕೈಯಲ್ಲಿ ಹಳದಿ ಬಾವುಟ, ತಲೆ ಮೇಲೆ ಮಳೆಗೆ ಹೊದೆಯುವ ಗೊರಬಿನ ಹಾಗಿರುವ ಗರಿಯ ಟೋಪಿ. ಇಂಗ್ಲಿಷನ್ನು ಒತ್ತಿ ಒತ್ತಿ ನಿಧಾನವಾಗಿ ಆಡುತ್ತಿದ್ದಳು. ಅತ್ತಿಗೆ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕೈ ಹಿಡಿದು ಹತ್ತಿಸಿದಳು. ಆಮೇಲೆ ದಿನವಿಡೀ ಆ ಮೊಣಕೈ ಅವಳ ಜವಾಬ್ದಾರಿಯೇ ಆಯಿತು.

ಮೊದಲು ಹೋದದ್ದು ಹೋವಾ ಲೂ ಎಂಬ ಹಳೆಯ ರಾಜಧಾನಿಗೆ. ಸುತ್ತ ಗೋಡೆ ಕಟ್ಟಿದಂತೆ ಸುಣ್ಣಕಲ್ಲಿನ ಬೆಟ್ಟ, ನಡುವೆ ಹೆಂಚಿನ ಮಾಡಿನ ತಗ್ಗು ಗುಡಿ. ಒಳಗೆ ಕೆಂಪು ಬಣ್ಣದ ಮರದ ಕಂಬಗಳು, ಊದಿನಕಡ್ಡಿಯ ಹೊಗೆ, ದೇವರ ಮುಂದೆ ಹಣ್ಣು, ಬಿಸ್ಕತ್ತಿನ ಪೊಟ್ಟಣ. ಕೂತಿರುವುದು ದೇವರಲ್ಲ, ಸಾವಿರ ವರ್ಷದ ಹಿಂದಿನ ರಾಜ ಎಂದು ಹುಡುಗಿ ಹೇಳಿದಳು. ಅವನು ಚಿಕ್ಕವನಿದ್ದಾಗ ಎಮ್ಮೆ ಕಾಯುತ್ತಿದ್ದನಂತೆ. ಜೊಂಡು ಕಿತ್ತು ಬಾವುಟ ಮಾಡಿಕೊಂಡು, ದನ ಕಾಯುವ ಹುಡುಗರನ್ನೆಲ್ಲ ಸೇರಿಸಿ ಯುದ್ಧದ ಆಟ ಆಡುತ್ತಿದ್ದನಂತೆ. ನಾನು ಕನ್ನಡದಲ್ಲಿ ಹೇಳಿದಾಗ ಅತ್ತಿಗೆಯ ಮುಖ ಅರಳಿತು.

“ಎಮ್ಮೆ ಕಾಯೋನಾ ರಾಜ ಆಗಿದ್ದು? ಆಗ್ಲೇಬೇಕು ಬಿಡು. ನೂರು ಬಾಯಿ ಒಂದು ದಿಕ್ಕಿಗೆ ಹೊಡೆಯೋದು ಸುಮ್ಕೆ ಆಗಲ್ಲ” ಎಂದು ಸೆರಗು ಹೊದ್ದು ಕೈಮುಗಿದಳು.

ಮಧ್ಯಾಹ್ನದ ಊಟಕ್ಕೆ ಆ ಸೀಮೆಯ ಹೆಸರಾದ ಮೇಕೆ ಮಾಂಸ. ದಾರಿಯುದ್ದಕ್ಕೂ ಬಂಡೆಯ ಸಂದಿನಲ್ಲಿ ಮೇಯುವ ಮೇಕೆಗಳನ್ನು ಅತ್ತಿಗೆ ನೋಡುತ್ತಲೇ ಬಂದಿದ್ದಳು. ಆದರೆ ಅಂದು ಸೋಮವಾರ. ಸೋಮವಾರ ಅವಳು ಮಾಂಸ ಮುಟ್ಟುವುದಿಲ್ಲ. ನಾನು ಸಂಕೋಚದಿಂದ ಹುಡುಗಿಗೆ ವಿಷಯ ತಿಳಿಸಿದೆ. ಅವಳು ಯಾಕೆ ಏನು ಎಂದು ಕೇಳಲಿಲ್ಲ. “ನಮ್ಮ ಅಜ್ಜಿಯೂ ಹುಣ್ಣಿಮೆ, ಅಮಾವಾಸ್ಯೆಗೆ ತಿನ್ನುವುದಿಲ್ಲ” ಎಂದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಬಿಸಿ ಅನ್ನ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಒಂದು ಬಟ್ಟಲಲ್ಲಿ ಪುಡಿ ಬಂತು. ಅತ್ತಿಗೆ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದಳು. ಶೇಂಗಾ, ಎಳ್ಳು ಹುರಿದು ಉಪ್ಪು ಹಾಕಿ ಕುಟ್ಟಿದ್ದು.

“ಏ, ಚಟ್ನಿಪುಡಿ ಕಣೇ ಇದು! ಖಾರ ಹಾಕೋದು ಮರೆತವರೆ” ಅಂದಳು. ಆ ಅನ್ನವನ್ನು ಅವಳು ಉಂಡ ಪರಿ ನೋಡಿ, ಮೇಕೆ ಮಾಂಸ ಬಡಿಸಿಕೊಂಡಿದ್ದ ನಮ್ಮ ಟೀಚರೊಬ್ಬರು ತಮಗೂ ಒಂದಿಷ್ಟು ಪುಡಿ ತರಿಸಿಕೊಂಡರು.

ಊಟದ ನಂತರ ದೋಣಿ. ಆ ಜಾಗಕ್ಕೆ ಟಾಮ್ ಕಾಕ್ ಎಂದು ಹೆಸರು. ಮೂರು ಗವಿ ಎಂದೇ ಅದರ ಅರ್ಥವಂತೆ. ಬೆಟ್ಟಗಳ ನಡುವೆ ಹೊಳೆ ಹರಿಯುತ್ತದೆ, ಎರಡೂ ದಡದಲ್ಲಿ ಹಣ್ಣಾಗುತ್ತಿರುವ ಭತ್ತ, ಅಲ್ಲಲ್ಲಿ ಹೊಳೆಯೇ ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಆಚೆ ಹೊರಡುತ್ತದೆ. ದೋಣಿ ಅಲುಗಿದ್ದಕ್ಕೆ ಅತ್ತಿಗೆ ನನ್ನ ಭುಜ ಗಟ್ಟಿಯಾಗಿ ಹಿಡಿದಳು. ಅದನ್ನು ಕಂಡ ಗೈಡ್ ಹುಡುಗಿ ಬಾವುಟವನ್ನು ಮಡಚಿ ನಮ್ಮ ದೋಣಿಗೇ ಹತ್ತಿದಳು.

ಹುಟ್ಟು ಹಾಕುವವಳು ಅತ್ತಿಗೆಗಿಂತ ತುಸು ಚಿಕ್ಕ ವಯಸ್ಸಿನ ಹೆಂಗಸು. ಒಣಗಿದ ಮೈ, ಬಿಸಿಲಿಗೆ ಕಪ್ಪಾದ ಮುಖ. ಹಿಂದಕ್ಕೆ ಒರಗಿ ಕೂತು, ಎರಡೂ ಪಾದಗಳಿಂದ ಹುಟ್ಟು ಹಿಡಿದು ಸೈಕಲ್ ತುಳಿದಂತೆ ತುಳಿಯುತ್ತಿದ್ದಳು. ಕೈ ಬಿಡುವಾಗಿತ್ತು. ಆ ಕೈಗಳಿಂದ ಬೆಟ್ಟ ತೋರಿಸುತ್ತ ಅತ್ತಿಗೆಯ ಕಡೆ ತಿರುಗಿ ತಿರುಗಿ ಏನೋ ಹೇಳುತ್ತಿದ್ದಳು. ಪ್ರತಿ ಮಾತೂ ‘ಛೀ’ ಎಂದೇ ಶುರುವಾಗುತ್ತಿತ್ತು.

ಅತ್ತಿಗೆ ಒಂದೆರಡು ಸಲ ಸಹಿಸಿಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಯಾಕೆ ಈಯಮ್ಮ ನನ್ನ ನೋಡಿ ಛೀ ಛೀ ಅಂತಾಳೆ? ನಾನೇನು ಮಾಡಿದೆ? ಚಪ್ಪಲಿ ಹಾಕ್ಕಂಡು ದೋಣಿ ಹತ್ತಿದ್ದಕ್ಕಾ?” ಅಂದಳು. ಮುಖ ನಿಜವಾಗಿಯೂ ಸಣ್ಣಗಾಗಿತ್ತು. ಕಾಲಿನಿಂದ ಚಪ್ಪಲಿ ಕಳಚಿ ಮಗ್ಗುಲಿಗಿಟ್ಟೂ ಬಿಟ್ಟಿದ್ದಳು.

ನಾನು ಹುಡುಗಿಯನ್ನು ಕೇಳಿದೆ. ಅವಳು ಜೋರಾಗಿ ನಕ್ಕಳು. ಅವರ ಭಾಷೆಯಲ್ಲಿ ಅದು ಅಕ್ಕ ಎಂಬ ಮಾತು. ಅಲ್ಲಿ ನೀನು, ನೀವು ಎಂದು ಬರಿದಾಗಿ ಮಾತಾಡಿಸುವಂತಿಲ್ಲವಂತೆ. ಎದುರಿಗಿರುವವರು ಅಕ್ಕನೋ ತಂಗಿಯೋ ಅಜ್ಜಿಯೋ ಎಂದು ಮೊದಲು ತಿಳಿದುಕೊಂಡು ಆಮೇಲೆ ಬಾಯಿ ತೆರೆಯಬೇಕು.

“ಅಕ್ಕ ಅಂತಾಳೆ ಅತ್ಗೆ, ಬೈತಾ ಇಲ್ಲ” ಅಂದೆ.

ಅತ್ತಿಗೆ ಆ ಹೆಂಗಸನ್ನು ದಿಟ್ಟಿಸಿದಳು. “ಹಂಗಾ? ನಾನು ಬೈಗಳ ಅಂದ್ಕಂಡಿದ್ನಲ್ಲೇ. ಅನ್ಲಿ ಬಿಡು, ಎಷ್ಟು ಸಲ ಬೇಕಾರೂ ಅನ್ಲಿ” ಎಂದು ಕುಲುಕುಲು ನಕ್ಕಳು. ವಿಷಯ ತಿಳಿದ ದೋಣಿಯವಳು ಇನ್ನೂ ಜೋರಾಗಿ ನಕ್ಕಳು. ನಕ್ಕ ರಭಸಕ್ಕೆ ದೋಣಿ ಹೊರಳಿದರೂ ಅತ್ತಿಗೆ ಈ ಸಲ ನನ್ನ ಭುಜ ಹಿಡಿಯಲಿಲ್ಲ.

ಎರಡು ಗವಿ ದಾಟಿ ಮೂರನೆಯದಕ್ಕೆ ಬರುವಾಗ ಮೋಡ ಕವಿಯಿತು. ನಾವು ಒಳಗೆ ಹೋಗಿ ಆಚೆ ಬಾಯಿಯ ಹತ್ತಿರ ಬರುವಷ್ಟರಲ್ಲಿ ಮಳೆ ಕಲ್ಲು ಸುರಿದಂತೆ ಬೀಳತೊಡಗಿತು. ದೋಣಿಯವಳು ಕಾಲು ನಿಲ್ಲಿಸಿ, ಬಂಡೆಯ ಮೂಲೆಗೆ ಕೈ ಹಿಡಿದು ದೋಣಿಯನ್ನು ತಡೆದಳು. ಮಳೆ ನಿಲ್ಲುವವರೆಗೂ ಇಲ್ಲೇ ಎಂದು ಹುಡುಗಿ ಹೇಳಿದಳು. ಸೂರಿನ ಕಲ್ಲು ಕೈಗೆ ಎಟಕುವಷ್ಟು ತಗ್ಗು. ಹಿಂದೆ ಕತ್ತಲು, ಮುಂದೆ ಬಿಳಿಯ ಪರದೆಯ ಹಾಗೆ ಮಳೆ. ನೀರಿನ ತಂಪು ಪಾದದಿಂದ ಮೇಲೇರುತ್ತಿತ್ತು.

ಕೆಲಸವಿಲ್ಲದೆ ಕೂತ ಹೆಂಗಸರು ಎಲ್ಲೆಡೆಯೂ ಕೇಳುವ ಪ್ರಶ್ನೆಯನ್ನೇ ದೋಣಿಯವಳು ಕೇಳಿದಳು. ಹುಡುಗಿ ಅದನ್ನು ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ. “ನಿಂಗೆ ಎಷ್ಟು ಜನ ಮಕ್ಳು ಅಂತ ಕೇಳ್ತಾಳೆ ಅತ್ಗೆ.” ಅಣ್ಣ, ಅತ್ತಿಗೆಗೆ ಮಕ್ಕಳಾಗಲಿಲ್ಲ. ಆ ಪ್ರಶ್ನೆಯನ್ನು ಊರಿನಲ್ಲಿ ನಾನು ಅವಳ ಹತ್ತಿರಕ್ಕೂ ಬಿಟ್ಟುಕೊಟ್ಟವಳಲ್ಲ.

ಅತ್ತಿಗೆ ಯೋಚಿಸಲೂ ಇಲ್ಲ. “ಒಬ್ಳು. ಇವ್ಳೇ” ಅಂದಳು.

ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಬೇಕಾದವಳು ನಾನೇ. ಜೀವಮಾನವೆಲ್ಲ ಪಾಠ ಹೇಳಿದ ಬಾಯಿಗೆ ಆ ಪುಟ್ಟ ವಾಕ್ಯ ಸಿಗಲಿಲ್ಲ. ತಡವರಿಸಿ ಹೇಳಿದೆ. ದೋಣಿಯವಳು ಹುಬ್ಬು ಗಂಟಿಕ್ಕಿದಳು. “ಇವಳು ನಾದಿನಿ ಅಂತ ದೋಣಿ ಹತ್ತುವಾಗ ಹೇಳಿದಿರಲ್ಲ?” ಎಂದು ಹುಡುಗಿಯ ಮೂಲಕ ಕೇಳಿಸಿದಳು.

“ನಾದ್ನೀನೂ ಹೌದು” ಎಂದು ಅತ್ತಿಗೆ ಸೆರಗು ಸರಿಮಾಡಿಕೊಂಡು ಕೂತಳು. “ಹೇಳ್ತೀನಿ, ನೀನು ಬಿಡಿಸಿ ಹೇಳು ಅವಳಿಗೆ. ಹಾಲುರಾಮೇಶ್ವರದಾಗೆ ಒಂದು ಕೊಳ ಐತೆ. ಏನಾರ ಬೇಡ್ಕಂಡು ಕುಂತ್ರೆ ನೀರಿನಾಗಿಂದ ಹೂವೋ ಹಣ್ಣೋ ಬತ್ತೈತೆ. ಅದೇ ದೇವರು ಕೊಟ್ಟಿದ್ದು ಅಂತ ತಗಾಬೇಕು. ಮದುವೆ ಆಗಿ ಸುಮಾರು ದಿನ ಆದ್ರೂ ಮಕ್ಳು ಆಗ್ಲಿಲ್ಲ ಅಂತ ಹೋದೆ. ಇವ್ಳು ಚಿಕ್ಕೋಳು, ಬಿಟ್ಟು ಹೋದ್ರೆ ಅಳ್ತಾಳೆ ಅಂತ ಕರ್ಕಂಡು ಹೋದೆ. ನಾನು ಕಣ್ಮುಚ್ಕಂಡು ಮಗು ಕೊಡಪ್ಪ ಅಂತ ಬೇಡ್ಕಂತಾ ಇದೀನಿ, ದುಡುಂ ಅಂತು. ಕಣ್ಬಿಟ್ರೆ ಇವ್ಳು ನೀರಾಗೆ. ಏನೋ ಹೂವು ಹಿಡಿಯಾಕೆ ಬಗ್ಗಿ ಜಾರಿದ್ಲು. ಕೈ ಹಾಕಿ ಎಳ್ಕಂಡೆ. ಒದ್ದೆಮುದ್ದೆ, ಗಡಗಡ ನಡುಗ್ತಾಳೆ, ನನ್ನ ಕುತ್ತಿಗೆ ಬಿಡವಲ್ಲಳು. ಆಗ ಅನ್ಕಂಡೆ, ಅಪ್ಪಾ, ನಾನು ಕೇಳಿದ್ದು ಕೊಟ್ಟೆ ನೀನು. ಮೊದ್ಲೇ ಕೊಟ್ಟಿದ್ದೆ, ನಂಗೇ ಗೊತ್ತಾಗಿರ್ಲಿಲ್ಲ. ಆಮೇಲೆ ಎಲ್ಲೂ ಬೇಡಾಕೆ ಹೋಗ್ಲಿಲ್ಲ.”

ನೀರಿಗೆ ಬಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಮೂಗಿನೊಳಗೆ ಹೋದ ನೀರು, ಅತ್ತಿಗೆಯ ಕೊರಳಿನ ಕರಿಮಣಿ ಕೆನ್ನೆಗೆ ಒತ್ತಿದ್ದು. ಬೈಯುತ್ತಾಳೆ ಎಂದು ಹೆದರಿದ್ದೆ, ಅವಳು ಬೈಯಲಿಲ್ಲ. ಆದರೆ ಅವಳು ಅಲ್ಲಿಗೆ ಏನು ಕೇಳಲು ಹೋಗಿದ್ದಳು, ಏನು ತೆಗೆದುಕೊಂಡು ಬಂದಳು ಎಂಬುದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಇಷ್ಟು ವರ್ಷ ನನ್ನನ್ನು ಅವಳಿಗೆ ಬಿದ್ದ ಹೊರೆ ಅಂದುಕೊಂಡಿದ್ದೆ. ಅವಳು ಹೊತ್ತದ್ದಕ್ಕೆ ಋಣಿಯಾಗಿರಬೇಕು ಎಂದು ಬದುಕಿದ್ದೆ. ಅವಳು ನನ್ನನ್ನು ಪ್ರಸಾದ ಎಂದು ಸೆರಗೊಡ್ಡಿ ತೆಗೆದುಕೊಂಡಿದ್ದಳು.

“ಹೇಳೇ” ಎಂದು ಅತ್ತಿಗೆ ತಿವಿದಳು. “ಅವಳು ಕಾಯ್ತಾ ಕುಂತವಳೆ.”

ನಾನು ಹೇಳಿದೆ. ಅಳು ಬಂದು ಎರಡು ಸಲ ನಿಲ್ಲಿಸಿದೆ. ಗೈಡ್ ಹುಡುಗಿ ನನ್ನ ಮಾತನ್ನು ತಮ್ಮ ಭಾಷೆಗೆ ದಾಟಿಸುತ್ತ ತಾನೂ ಕಣ್ಣೊರೆಸಿಕೊಂಡಳು. ದೋಣಿಯವಳು ಕೊನೆಯವರೆಗೂ ಕೇಳಿ, ಮುಂದಕ್ಕೆ ಬಾಗಿ ನನ್ನ ಒದ್ದೆ ಕೆನ್ನೆಯನ್ನು ತನ್ನ ಅಂಗೈಯಿಂದ ಒರೆಸಿದಳು. ಬಂಡೆ ಹಿಡಿದ ಆ ಕೈ ತಣ್ಣಗೆ, ಒರಟಾಗಿತ್ತು. “ನೀರು ಕೊಟ್ಟದ್ದನ್ನು ನೀರು ವಾಪಸ್ಸು ಕೇಳುವುದಿಲ್ಲ ಅಂತ ಹೇಳುತ್ತಿದ್ದಾರೆ” ಎಂದು ಹುಡುಗಿ ತಿಳಿಸಿದಳು.

ಮಳೆ ಬಂದಷ್ಟೇ ಬೇಗ ನಿಂತಿತು. ಹೊರಗೆ ಬಂದಾಗ ಬೆಟ್ಟಗಳಿಂದ ಸಣ್ಣ ಸಣ್ಣ ಝರಿ ಇಳಿಯುತ್ತಿದ್ದವು, ಭತ್ತದ ತೆನೆ ನೆಂದು ಬಾಗಿತ್ತು. ಅತ್ತಿಗೆ ದೋಣಿಯಲ್ಲಿದ್ದ ಇನ್ನೊಂದು ಸಣ್ಣ ಹುಟ್ಟನ್ನು ಕೇಳದೆಯೇ ಎತ್ತಿಕೊಂಡು ನೀರು ತಳ್ಳತೊಡಗಿದಳು. ದೋಣಿ ಒಂದೇ ಕಡೆಗೆ ಎಳೆಯುತ್ತಿತ್ತು. ದೋಣಿಯವಳು ಕಾಲಿನಲ್ಲೇ ಅದನ್ನು ಸರಿಮಾಡಿಕೊಳ್ಳುತ್ತ, ಬೇಡ ಎನ್ನದೆ ಅವಳಿಗೆ ಬಿಟ್ಟುಕೊಟ್ಟಳು.

ದಡದಲ್ಲಿ ಇಳಿದ ಮೇಲೆ ಅತ್ತಿಗೆ ತನ್ನ ಕೈಯಿಂದ ಎರಡು ಹಸಿರು ಬಳೆ ತೆಗೆದು ದೋಣಿಯವಳ ಕೈಗೆ ತೊಡಿಸಿದಳು. “ಅಕ್ಕ ಅಂದ ಮ್ಯಾಲೆ ತಂಗೀನ ಬರಿಗೈಲಿ ಬಿಡಾಕಾಗ್ತೈತಾ?” ಅಂದಳು ನನ್ನನ್ನು ನೋಡಿ. ದೋಣಿಯವಳು ಕೈ ಅಲುಗಿಸಿ ಬಳೆಯ ಸದ್ದು ಕೇಳಿದಳು, ಅಕ್ಕಪಕ್ಕದ ದೋಣಿಯವರಿಗೆಲ್ಲ ತೋರಿಸಿದಳು. ನಾವು ಬಸ್ಸು ಹತ್ತುವವರೆಗೂ ಆ ಕೈ ಗಾಳಿಯಲ್ಲಿ ಆಡುತ್ತಲೇ ಇತ್ತು.

ವಾಪಸ್ಸು ಹೋಗುವ ದಾರಿಯಲ್ಲಿ ಗೈಡ್ ಹುಡುಗಿ ಎಲ್ಲರಿಗೂ ಶುಂಠಿ ಕಲ್ಲುಸಕ್ಕರೆ ಹಂಚಿ, ಬಂದು ನಮ್ಮ ಸೀಟಿನ ಪಕ್ಕ ನಿಂತಳು. ನಿಮ್ಮ ಮಾತಲ್ಲಿ ಒಂದು ಹೇಳಿಕೊಡಿ ಅಂದಳು. ಅತ್ತಿಗೆ ಸರಿದು ಜಾಗ ಮಾಡಿ, “ಬರ್ರಿ, ಕುಂತ್ಕಳ್ರಿ” ಅಂದಳು. ಅದೇ ಪಾಠವಾಯಿತು. ಹುಡುಗಿ ಅದನ್ನು ತಿರುತಿರುಗಿ ಹೇಳಿ ಕಲಿತು, ಮುಂದಿನ ಸೀಟಿನಲ್ಲಿ ಈಗಾಗಲೇ ಕೂತಿದ್ದ ನಮ್ಮ ಟೀಚರಮ್ಮನಿಗೆ ಹೋಗಿ ಪ್ರಯೋಗಿಸಿದಳು. ಬಸ್ಸೆಲ್ಲ ನಕ್ಕಿತು.

ಧನ್ಯವಾದ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದವರಲ್ಲ. ಹೇಳಿದರೆ ಅತ್ತಿಗೆಗೆ ನಗು ಬರುತ್ತಿತ್ತು. ದಿನವಿಡೀ ನಡೆದು ಅವಳ ಪಾದ ಊದಿಕೊಂಡಿದ್ದವು. ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. “ಬಿಡೇ, ಜನ ನೋಡ್ತಾರೆ” ಅಂದಳು. ಬಿಡಲಿಲ್ಲ. ಅಡವಿಯಲ್ಲಿ ನಡೆದು ನಡೆದು ಬಿರಿದ ಹಿಮ್ಮಡಿಯನ್ನು ನಿಧಾನವಾಗಿ ಒತ್ತುತ್ತ ಕೂತೆ. ಕಿಟಕಿಯಾಚೆ ಗದ್ದೆಯ ನೀರಿನಲ್ಲಿ ಸಂಜೆಯ ಬೆಳಕು ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಾಯಿ ತೆರೆದುಕೊಂಡು ನಿದ್ದೆ ಹೋದಳು.