ಪಂಚಮಿಗೆ ಮುಂಚೆ ಬಂದ ಸಸಿಗಳು

ಗಿಡಗಳಿಗೆ ಬರುವ ದುಂಡಾಣು ರೋಗವನ್ನು ಹುಡುಕಿಕೊಂಡು ಹೊಲ ಹೊಲ ತಿರುಗುವುದು ನನ್ನ ಕೆಲಸ. ಹೋದಲ್ಲೆಲ್ಲ ರೈತರು ಮೊದಲು ಕೇಳುವುದು, "ಯಾವ ಎಣ್ಣಿ ತಂದೀರಿ?" ಸಿಂಪಡಿಸುವ ಔಷಧಕ್ಕೆ ಇಲ್ಲಿ ಎಣ್ಣಿ ಅನ್ನುತ್ತಾರೆ. ದಾಳಿಂಬೆಯ ಅಂಗಮಾರಿ ರೋಗವನ್ನು ಬೇರುಸಹಿತ ಕಳೆಯುವ ಎಣ್ಣೆ ಯಾವುದೂ ಇಲ್ಲ ಅಂತ ಹೇಳಿ ಹೇಳಿ ನನ್ನ ಮಾತೇ ಒರಟಾಗಿದೆ. ಎಲೆಗೆ ಕಪ್ಪು ಚುಕ್ಕೆ ಬೀಳುತ್ತದೆ, ಕಾಯಿ ಸೀಳುತ್ತದೆ. ಚುಕ್ಕೆ ಕಂಡ ಗಿಡವನ್ನು ತಡಮಾಡದೆ ಕಿತ್ತು ಸುಟ್ಟರೆ ಉಳಿದವು ಉಳಿದಾವು.

ತಾವರಗೇರಾ ಹತ್ತಿರ ಒಬ್ಬಾಕೆಯ ತೋಟವಿತ್ತು. ಗಂಡ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ತೋಟ ಪೂರ್ತಿ ಆಕೆಯ ಕೈಯದೇ. ಮೊದಲ ಮಳೆ ಬಿದ್ದ ಮೇಲೆ ಹೋದಾಗ ಕೊಳವೆಬಾವಿ ಕಡೆಯ ಎಳೆಯ ಗಿಡಗಳ ಸಾಲಿನಲ್ಲಿ ಮಾತ್ರ ಚುಕ್ಕೆ ಇತ್ತು. ಎಲೆಯ ಚೂರನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕತ್ತರಿಸಿದ ಅಂಚಿನಿಂದ ದುಂಡಾಣುಗಳು ಒಲೆಯ ಹೊಗೆಯಂತೆ ಹೊರಬರುತ್ತಿದ್ದವು. ಅನುಮಾನವೇ ಉಳಿಯಲಿಲ್ಲ.

"ಈ ಸಾಲು ಎಲ್ಲಿಂದ ತಂದದ್ದು?"

"ತವರಿಂದರಿ. ಹೋದ ಪಂಚಮಿಗೆ ಹೋದಾಗ ನಮ್ಮಣ್ಣ ತನ್ನ ತೋಟದ ಸಸಿ ಕಟ್ಟಿಕೊಟ್ಟಿದ್ದ."

"ಇವತ್ತೇ ಕಿತ್ತು ಸುಡಬೇಕು."

ಆಕೆ ಸೆರಗಿನಿಂದ ಒಂದು ಎಲೆ ಒರೆಸಿದಳು. "ಬ್ಯಾರೆ ಏನರ ಹೇಳ್ರಿ ಮೇಡಮ್ಮಾರ. ತವರಿಂದ ಬಂದದ್ದಕ್ಕ ಬೆಂಕಿ ಹಚ್ಚಾಕ ಆಗೂದಿಲ್ರಿ. ಅಣ್ಣ ಬರ್ತಾನ, ಅವನ್ನ ಒಂದ್ ಮಾತು ಕೇಳ್ತೀನಿ."

"ಈಗಲೇ ಫೋನ್ ಮಾಡಿ ಕೇಳಮ್ಮ."

"ಇಂಥಾ ಮಾತು ಫೋನ್‌ನಾಗ ಆಗೂದಿಲ್ರಿ."

ನನಗೆ ಸಿಟ್ಟು ಬಂತು. ಸುಡದಿದ್ದರೆ ತೋಟವೇ ಹೋಗುತ್ತದೆ ಅಂತ ಕಡ್ಡಿ ಮುರಿದಂತೆ ಹೇಳಿ ಬಂದೆ. ಆಮೇಲೆ ಗಾಳಿಯ ಜೊತೆ ಜಿಟಿಜಿಟಿ ಮಳೆ ಹಿಡಿಯಿತು. ಹನಿ ಸಿಡಿದಲ್ಲೆಲ್ಲ ರೋಗವೂ ಸಿಡಿಯಿತು. ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ನಾಗರಪಂಚಮಿಗೆ ಕೆಲವು ದಿನ ಮೊದಲು ಮತ್ತೆ ಹೋದಾಗ ಆಕೆ ಫಲ ಕೊಡುವ ದೊಡ್ಡ ಗಿಡಗಳನ್ನೂ ಕಿತ್ತು ಸುಡಲು ಒಟ್ಟುತ್ತಿದ್ದಳು. ಕೈತುಂಬ ಮುಳ್ಳಿನ ಗೀರು. ನನ್ನನ್ನು ನೋಡಿ, "ನೀವು ಹೇಳಿದಂಗ ಆತ್ರಿ" ಅಂದಳು. ನನ್ನ ಮಾತು ನಿಜವಾದದ್ದಕ್ಕೆ ಅಷ್ಟು ಸಂಕಟ ನನಗೆ ಎಂದೂ ಆಗಿರಲಿಲ್ಲ.

ನಾವು ನಿಂತಿದ್ದಾಗಲೇ ಅಣ್ಣನ ಬೈಕು ಬಂತು. ತೋಟ ಹೋಯಿತೆಂದು ಆಕೆ ತಿಳಿಸಿದ್ದಳು, ಯಾಕೆಂದು ಹೇಳಿರಲಿಲ್ಲ. ಬೈಕಿನ ಹಿಂದೆ ಒದ್ದೆ ಗೋಣಿಚೀಲದಲ್ಲಿ ಸಸಿಗಳಿದ್ದವು.

"ಹೋದ್ರ ಹೋಗ್ಲಿ ಬಿಡವಾ. ನಾ ಇನ್ನೂ ಅದೀನಿ. ಇವನ್ನ ನೆಲಕ್ಕ ಹಚ್ಚು. ಪಂಚಮಿಗೆ ಕರಿಯಾಕ ಬರ್ತೀನಿ."

ನಾನು ಒಂದು ಎಲೆಯನ್ನು ಬಿಸಿಲಿಗೆ ಹಿಡಿದೆ. ಅದೇ ಚುಕ್ಕೆ, ಸುತ್ತ ಹಳದಿ. ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಳು.

"ಬಿಸಿಲಾಗ ಬಂದಾನ. ಮೊದ್ಲ ನೀರು ಕುಡೀಲಿ."

ಅವನು ತಂಬಿಗೆ ತೆಗೆದುಕೊಳ್ಳುತ್ತ ನಕ್ಕ. "ಯಲಬುರ್ಗಾಕ ಹೋಗಿ ಸಣ್ಣಾಕಿಗೂ ಕೊಟ್ಟು ಬಂದೆ. ಅಕಿನೂ ಹೊಸ ತೋಟ ಮಾಡ್ಯಾಳ."

ಸಣ್ಣಾಕಿ ಅಂದರೆ ಅವರ ತಂಗಿ. ರಟ್ಟೆಯ ಮೇಲಿನ ಹಿಡಿತ ಸಡಿಲವಾಯಿತು. ನಾನು ಹೇಳಬೇಕೆಂದಿದ್ದ ಮಾತನ್ನು ಆಕೆಯೇ ಹೇಳಿದಳು.

"ಅಣ್ಣಾ, ರೋಗ ನಿನ್ನ ಸಸ್ಯಾಗ ಐತಿ. ನನ್ನ ತೋಟ ಹೋಗಿದ್ದು ಅದರಿಂದನ. ಸಣ್ಣಾಕಿ ಹಚ್ಚೂದ್ರೊಳಗ ಹೋಗಿ ತಿರುಗಿ ತಗೊಂಡ್ ಬಾ."

ಅವನು ನನ್ನ ಕಡೆ ನೋಡಿದ. ನಾನು ಹೌದೆಂದೆ. ಅವನು ನೀರು ಕುಡಿಯದೆ ತಂಬಿಗೆಯನ್ನು ಕೆಳಗಿಟ್ಟ. ಚೀಲವನ್ನು ತಾನೇ ಬಿಚ್ಚಿ ಸಸಿಗಳನ್ನು ಒಟ್ಟಿಲ ಮೇಲೆ ಹಾಕಿ, ಯಾರ ಮುಖವನ್ನೂ ನೋಡದೆ ಬೈಕನ್ನು ಯಲಬುರ್ಗಾ ಕಡೆ ತಿರುಗಿಸಿದ.

ಸಣ್ಣಾಕಿಯ ತೋಟ ಉಳಿಯಿತು. ಪಂಚಮಿ ಕಳೆದ ಮೇಲೆ ಮಣ್ಣು ನೋಡಲು ಹೋದಾಗ ಈಕೆಯನ್ನು ಹಬ್ಬದ ಬಗ್ಗೆ ಕೇಳಿದೆ.

"ತಯಾರಾಗಿ ಕುಂತಿದ್ದೆರಿ," ಅಂದಳು. "ಕರಿಯಾಕ ಯಾರೂ ಬರಲಿಲ್ಲ."